ಬೀದಿಗೊಂದೇ ಬಾಯಿ

ಮಾತಾಡಬೇಕಾದಾಗಲೆಲ್ಲ ನಮ್ಮ ಭಾವ ಚೌಡಶೆಟ್ಟರು ಉಗುರಿನ ಸಂದಿಯ ಒಣಜೇಡಿ ಕೀಳುತ್ತ ಕೂರುತ್ತಿದ್ದರು. ಆ ಉಗುರು ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ನಮ್ಮ ಕುಂಬಾರ ಬೀದಿಯ ಮಡಕೆ ಸುಡುವ ಆವಿಗೆಯ ಹೊಗೆ ತಡೆಯಲಾಗುತ್ತಿಲ್ಲ, ಅದನ್ನು ಕೆರೆಯಾಚೆಗೆ ಸಾಗಿಸಬೇಕೆಂದು ಮೇಲಿನ ಬೀದಿಯವರು ದೂರು ಕೊಟ್ಟಿದ್ದರು. ಅಷ್ಟು ದೂರ ಹಸಿ ಮಡಕೆ ಹೊತ್ತರೆ ಅರ್ಧ ದಾರಿಯಲ್ಲೇ ಒಡೆಯುತ್ತವೆ. ನಮ್ಮ ಕಸುಬು ಮುಗಿದಂತೆಯೇ. ಊರ ಸಭೆಯಲ್ಲಿ ಬೀದಿಯ ಪರವಾಗಿ ಒಬ್ಬರೇ ಮಾತಾಡಬೇಕು, ಇನ್ನೊಬ್ಬರು ದನಿಯೆತ್ತಿದರೆ ಆ ಬೀದಿ ಸೋತಂತೆ ಎಂಬುದು ಕಟ್ಟಳೆ. ಎಲ್ಲರೂ ಪಾಪಣ್ಣನ ಹೆಸರು ಹೇಳಿದರು. ಎರಡು ಬೀದಿಗಳ ನಡುವಿನ ಮೂಲೆಮನೆಯವನು. ಯಾರು ಮೊದಲು ಕರೆದರೋ ಅವರ ಬೀದಿಯವನು. ಮಾತಿಗೆ ನಿಂತನೆಂದರೆ ಕೇಳಿದವರು ಕರಗಿಹೋಗುತ್ತಿದ್ದರು. ಆದರೆ ಹೆಂಡತಿಯನ್ನೂ ಮಗುವನ್ನೂ ತವರಿಗೆ ಅಟ್ಟಿ ಎರಡು ವರ್ಷದಿಂದ ತಿರುಗಿ ನೋಡಿರಲಿಲ್ಲ.

"ಅಂಥೋನ ಬಾಯಲ್ಲಿ ನಮ್ಮ ನ್ಯಾಯ ಬೇಡ. ಭಾವನೇ ಮಾತಾಡ್ಲಿ," ಎಂದು ಹಟ ಹಿಡಿದವಳು ನಾನೇ. ಪಾಪಣ್ಣ ಮೇಲಿನ ಬೀದಿಯ ಪರ ನಿಂತ.

"ನನ್ನ ಕೂಸು ಕೆಮ್ಮಿ ಕೆಮ್ಮಿ ನೀಲಿ ತಿರುಗ್ತದೆ ಸ್ವಾಮಿ," ಎಂದು ಅವನು ಗದ್ಗದಿತನಾದ. ಕೂಸು ಊರಲ್ಲೇ ಇಲ್ಲವೆಂದು ಗೊತ್ತಿದ್ದವರೂ ಕಣ್ಣೊರೆಸಿಕೊಂಡರು. ಏನು ಜನವೋ! "ಭಾವ, ಆ ಮಗು ಇಲ್ಲಿಲ್ಲ ಅನ್ನಿ," ಎಂದು ಹಿಂದಿನಿಂದ ಪಿಸುಗುಟ್ಟಿದೆ.

ಭಾವ ಉಗುರು ಕೆರೆಯುತ್ತಿದ್ದರು. "ಒಬ್ಬರ ಮನೆ ವಿಷ್ಯ ಸಭೇಲಿ ಎತ್ತಬಾರ್ದು ಕಣಮ್ಮ."

ಊರ ಯಜಮಾನರು ಕೇಳಿದರು: "ಹೊಗೆ ಮನೆಗಳಿಗೆ ನುಗ್ಗೋದು ನಿಜವೇನ್ರೀ ಶೆಟ್ರೇ?"

"ನಿಜ," ಎಂದು ಭಾವ ಕೂತುಬಿಟ್ಟರು.

ಗಾಳಿ ಅತ್ತ ಬೀಸುವುದು ವರ್ಷಕ್ಕೆ ಎರಡೇ ವಾರ, ಆ ಎರಡು ವಾರ ಬೆಂಕಿ ಹಾಕದಿರಲು ನಾವು ಸಿದ್ಧ ಎಂದು ನಾನು ಗಿಳಿಗೆ ಕಲಿಸಿದ ಹಾಗೆ ಕಲಿಸಿದ್ದೆ. ಯಾಕೆ ಹೇಳಲಿಲ್ಲವೆಂದು ಆಮೇಲೆ ಕೇಳಿದರೆ, "ಅವ್ರು ಅದನ್ನ ಕೇಳ್ಲಿಲ್ವಲ್ಲಮ್ಮ," ಎಂದರು. ಬೈಯಲೂ ಆಗದಂಥ ಮನುಷ್ಯ. ಆವಿಗೆ ಕೆರೆಯಾಚೆಗೆ ಹೋಯಿತು. ಹೊತ್ತ ಮಡಕೆಯಲ್ಲಿ ಅರ್ಧ ಒಡೆದು, ಉಳಿದರ್ಧದಲ್ಲಿ ಹೇಗೋ ದಿನ ದೂಡಿದೆವು.

ಮರುವರ್ಷ ಕೆರೆಯ ಜೇಡಿಯನ್ನೇ ನಮಗೆ ಕೊಡಬಾರದೆಂಬ ಮಾತೆದ್ದಿತು. ಜೇಡಿಯೂ ಇಲ್ಲದಿದ್ದರೆ ಊರು ಬಿಡಬೇಕಿತ್ತು. ಯಾರಿಗೂ ಹೇಳದೆ, ಎಲ್ಲರಿಗಿಂತ ಮೊದಲು ನಾನೇ ಪಾಪಣ್ಣನ ಮನೆಗೆ ಹೋದೆ. ಅವನು ಹಂಗಿಸಲಿಲ್ಲ. ಚಾಪೆ ಹಾಸಿ, "ಈ ಸಲ ಯಾರಿಗೋಸ್ಕರ ಅಳ್ಬೇಕಕ್ಕ?" ಎಂದು ಕೇಳಿದ.

ನಾನು ಕೂತು, ನಮ್ಮ ಬೀದಿಯ ಮಕ್ಕಳ ಹೆಸರನ್ನು ಒಂದೊಂದಾಗಿ ಹೇಳತೊಡಗಿದೆ. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ.