ಹೆಸರು ಹಿಡಿಯದೆ ಗುಳಿಗೆ ಕೊಡದವರು

ಊಲ್ಕಾನ್ ಏಜೆಗೆ ವಾರ್ಡಿಗೊಂದು ನಡಿಗೆ. ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ನರೀನ್ ಹೊಳೆಯ ಮೇಲಿನ ಗಾಳಿಯಂತೆ ನುಗ್ಗುವ ಈ ಹೆಂಗಸು ಮಕ್ಕಳ ವಾರ್ಡಿನ ಹೊಸ್ತಿಲು ತುಳಿದೊಡನೆ ಮಂಡಿ ಮಡಿಸಿ ಅರ್ಧ ಕುಳ್ಳಾಗುವರು. ಬಾಣಂತಿಯರ ಕೋಣೆಯಲ್ಲಿ ಬೆಕ್ಕು. ಮನೋರೋಗಿಗಳ ನಡುವೆ ಎರಡೂ ಅಂಗೈ ಕಾಣುವಂತೆ ಮಂದಗಮನೆ. ವೃದ್ಧರ ವಾರ್ಡಿನಲ್ಲಿ ಮಾತ್ರ ಬೇಕೆಂದೇ ಚಪ್ಪಲಿ ಬಡಿಯುತ್ತ ಬರುವರು. "ಮುದುಕರ ಮುಂದೆ ದಿಢೀರಂತ ನಿಂತ್ಕೋಬಾರದು. ಪ್ರಾಣ ಒಯ್ಯೋನೇ ಬಂದ ಅಂದ್ಕೋತಾರೆ" ಎಂಬುದು ಅವರ ವಿವರಣೆ. ವಿಶ್ವವಿದ್ಯಾಲಯದ ನರ್ಸಿಂಗ್ ವಿಭಾಗದಲ್ಲಿ ಅವರು ಕುಳಿತು ಪಾಠ ಹೇಳಿದ್ದನ್ನು ಕಂಡವರಿಲ್ಲ. ಹುಡುಗಿಯರು ಹಿಂದೆ ಹಿಂದೆ ನಡೆಯುತ್ತ, ಒಬ್ಬರ ಬೆನ್ನಿನ ಮೇಲೆ ಇನ್ನೊಬ್ಬರು ಪುಸ್ತಕವಿಟ್ಟು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು.

ನಮ್ಮ ಬೆಟ್ಟನಾಡಿನ ಮಾತಿನಲ್ಲಿ ಏಜೆ ಎಂದರೆ ಅಕ್ಕ. ನನಗೆ ಅವರು ಅಕ್ಕನೂ ಹೌದು, ಮೇಲಧಿಕಾರಿಯೂ ಹೌದು. ಭೌತಶಾಸ್ತ್ರದ ಪದವಿಯನ್ನು ಗೋಡೆಗೆ ತೂಗುಹಾಕಿ, ಸೋದರತ್ತೆಯ ಶಿಫಾರಸಿನಿಂದ ನಾನು ಗಿಟ್ಟಿಸಿಕೊಂಡ ಉದ್ಯೋಗವೆಂದರೆ ಅಭ್ಯಾಸದ ಕೋಣೆಯ ರಬ್ಬರ್ ರೋಗಿಗಳ ಪಾಲನೆ. ಅವುಗಳ ನಾಡಿಗೆ ಬ್ಯಾಟರಿ ಹಾಕುವುದು, ಕಳಚಿದ ದವಡೆ ಜೋಡಿಸುವುದು, ಚುಚ್ಚಿ ಚುಚ್ಚಿ ಜರಡಿಯಾದ ತೋಳಿಗೆ ಹೊಸ ಚರ್ಮ ಹೊದಿಸುವುದು. ಇಡೀ ಆಸ್ಪತ್ರೆಯಲ್ಲಿ ರೋಗಿಗಳಿಂದ ಒಂದೂ ದೂರು ಬಾರದ ಏಕೈಕ ನೌಕರ ನಾನೇ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ನಗುವವರು ಕ್ರಮೇಣ ಕಡಿಮೆಯಾದರು.

ಏಜೆಯ ಬಿಳಿ ಕೋಟಿನ ಜೇಬುಗಳನ್ನು ಹೊಲಿದು ಮುಚ್ಚಲಾಗಿತ್ತು. "ಕೈಗೆ ಜೇಬು ಸಿಕ್ಕಿದ್ರೆ ಅದು ಅಲ್ಲೇ ಮಲಗಿಬಿಡುತ್ತೆ ಕಣೋ ತಿಲೆಕ್" ಎಂದು ನನ್ನ ಎರಡೂ ಜೇಬುಗಳನ್ನು ದಿಟ್ಟಿಸಿದ್ದರು; ನನ್ನ ಕೈಗಳು ಆಗ ಗಾಢ ನಿದ್ರೆಯಲ್ಲಿದ್ದವು. ತಮ್ಮ ಪ್ರಶ್ನೆಗೆ ತಾವೇ ಉತ್ತರ ಹೇಳಿಬಿಡುವುದು ಅವರ ಇನ್ನೊಂದು ಚಾಳಿ: "ಅರ್ಥ ಆಯ್ತಾ? ಆಗಿಲ್ಲ."

ಅವರ ವಿದ್ಯೆಯೆಲ್ಲ ಒಂದೇ ಸೂತ್ರದ ಭಾಷ್ಯ: ರೋಗಿಯ ಹೆಸರು ಬಾಯಿಬಿಟ್ಟು ಹೇಳದೆ ಒಂದು ತೊಟ್ಟು ಔಷಧಿಯೂ ಕೈದಾಟಬಾರದು. ಕೂಸಾದರೆ ತಾಯಿಯ ಬಾಯಿಂದ ಕೇಳಿ, ಕಾಲಿನ ಪಟ್ಟಿ ನೋಡಿ, ಹೇಳಬೇಕು. ಶಸ್ತ್ರಚಿಕಿತ್ಸೆಗೆ ಹೋಗುವವನನ್ನು ಮಂಪರು ಬರುವ ಮೊದಲೇ ಕೇಳಬೇಕು. ಮನಸ್ಸು ಕದಡಿದವರ ಎದುರು ಮೊದಲು ಕುಳಿತು, ಆಮೇಲೆ ಕೇಳಬೇಕು. ಮುದುಕರನ್ನು ಕೇಳಿ ಕಾಯಬೇಕು, ಏಕೆಂದರೆ ತಮ್ಮ ಹೆಸರಿನವರೆಗೆ ನಡೆದು ಬರಲು ಅವರಿಗೆ ಹೊತ್ತು ಹಿಡಿಯುತ್ತದೆ. ಹೆಸರು ಹೇಳದೆ ಔಷಧಿ ಕೊಟ್ಟ ವಿದ್ಯಾರ್ಥಿನಿಗೆ ಪರೀಕ್ಷೆಯಲ್ಲಿ ಸೊನ್ನೆ. ಈ ಸೊನ್ನೆಯ ನಿಯಮ ಮಾಡಿದವರೂ ಅವರೇ.

ಆ ಸೊನ್ನೆ ಬಂದು ಕುಳಿತದ್ದು ಬೆಗಾಯಿಮ್ ಎಂಬ ಹುಡುಗಿಯ ತಲೆಯ ಮೇಲೆ. ಕಡೆಯ ವರ್ಷದವಳು, ಹಿಂದಿನ ಶರತ್ಕಾಲದಲ್ಲಿ ಮದುವೆಯಾದವಳು. ವೃದ್ಧರ ವಾರ್ಡಿನಲ್ಲಿ ಪರೀಕ್ಷೆ. ಅವಳ ಪಾಲಿಗೆ ಬಂದ ಅಜ್ಜನ ಹೆಸರು ಮಾಂಬೆತ್. ಅದು ಅವಳ ಮಾವನ ಹೆಸರು. ಮಾವನ ಹೆಸರನ್ನು ಸೊಸೆ ಹೇಳುವುದುಂಟೆ? ಅವಳು ತಲೆತಗ್ಗಿಸಿ, "ಅಪ್ಪಾ, ಗುಳಿಗೆ ತಗೊಳ್ಳಿ" ಎಂದಳು. ಅಪ್ಪಾ ಎಂದರೆ ವೃದ್ಧರ ವಾರ್ಡಿನಲ್ಲಿ ಓಗೊಡದವರು ಯಾರು? ಪಕ್ಕದ ಹಾಸಿಗೆಯಾತ ಪ್ರಸನ್ನವದನನಾಗಿ ಕೈಚಾಚಿದ, ಅವಳು ನೆಲ ನೋಡುತ್ತಲೇ ಕೊಟ್ಟಳು. ಸಕ್ಕರೆ ಇಳಿಸುವ ಆ ಗುಳಿಗೆ, ಸಕ್ಕರೆ ಕಾಯಿಲೆಯೇ ಇಲ್ಲದವನ ತುಟಿಗೆ ತಲುಪಿತ್ತು. ಏಜೆ ಹಾರಿ ಕಿತ್ತುಕೊಂಡರು.

ಮರುಪರೀಕ್ಷೆ ಒಂದೇ ಸಲ. ಅದರಲ್ಲೂ ಹೋದರೆ ಓದು ಮುಗಿಯಿತು, ಅತ್ತೆಯೊಂದಿಗೆ ಬೆಟ್ಟದ ಹುಲ್ಲುಗಾವಲಿಗೆ ಹೋಗಿ ಕುದುರೆಯ ಹಾಲು ಕರೆಯಬೇಕು ಎಂದು ಮನೆಯಲ್ಲಿ ನಿಷ್ಕರ್ಷೆಯಾಗಿತ್ತು.

ಏಜೆ ಅವಳನ್ನು ನನ್ನ ಕೋಣೆಗೆ ಕರೆತಂದು, ಬೊಂಬೆಗಳ ಸಾಲಿನ ಮುಂದೆ ಅತ್ತಿಂದಿತ್ತ ಸುಳಿದಾಡುತ್ತ ಹೇಳಿದರು: "ನಾನೂ ಸೊಸೆಯೇ. ನಮ್ಮ ಮಾವ ಮಣ್ಣು ಸೇರಿ ಎಷ್ಟೋ ವರ್ಷ ಆಯ್ತು, ಇವತ್ತಿಗೂ ಮನೇಲಿ ಅವರ ಹೆಸರು ಎತ್ತಲ್ಲ. ಆದ್ರೆ ವಾರ್ಡಿನ ಬಾಗಿಲು ದಾಟಿದ ಮೇಲೆ ನಾನು ಯಾರ ಸೊಸೇನೂ ಅಲ್ಲ. ಗೊತ್ತಾಯ್ತಾ? ಆಗಿಲ್ಲ."

"ಗೊತ್ತಾಯ್ತು ಏಜೆ" ಎಂದಳು ಬೆಗಾಯಿಮ್. "ಆದ್ರೆ ಬಾಗಿಲು ದಾಟಿದ್ರೂ ತಲೇ ಮೇಲೆ ಮದುವೆ ದಿನ ಅತ್ತೆ ಕಟ್ಟಿದ ಬಟ್ಟೇನೇ ಇರುತ್ತಲ್ಲ. ಅದನ್ನ ಎಲ್ಲಿ ಬಿಚ್ಚಿಡಲಿ?"

ಏಜೆ ನಿಂತರು. ಪಾಠದ ನಡುವೆ ಅವರು ನಿಂತದ್ದನ್ನು ನಾನು ನೋಡಿದ್ದು ಅಂದೇ. ಮತ್ತೆ ನಡೆಯತೊಡಗಿದಾಗ ಆ ನಡಿಗೆ ಯಾವ ವಾರ್ಡಿನದೆಂದು ನನಗೆ ತಿಳಿಯಲಿಲ್ಲ.

ಹುಡುಗಿ ಹೋದ ಮೇಲೆ ನಾನು ಪರೋಪಕಾರಿಯಾದೆ. "ಏಜೆ, ಮರುಪರೀಕ್ಷೆ ಹೇಗೂ ಬೊಂಬೆ ಮೇಲೆ. ಕೈಪಟ್ಟಿಗೆ ಅವಳ ಮಾವನ ಹೆಸರು ಬಿಟ್ಟು ಬೇರೆ ಹೆಸರು ಬರೆದುಬಿಡ್ತೀನಿ. ಬೊಂಬೆ ಏನೂ ಬೇಜಾರು ಮಾಡ್ಕೊಳಲ್ಲ."

"ಬೇಜಾರು ಮಾಡ್ಕೊಳಲ್ಲ ಅಂತಾನೇ ನಿನ್ನ ಕೈಗೆ ಬೊಂಬೆ ಕೊಟ್ಟಿರೋದು" ಎಂದರು. "ಇಲ್ಲಿ ನೀನು ಹೆಸರು ಬದಲಾಯಿಸ್ತೀಯ. ನಾಳೆ ಆಸ್ಪತ್ರೇಲಿ ಯಾರು ಬದಲಾಯಿಸ್ತಾರೆ? ನಿಮ್ಮ ಸೋದರತ್ತೆ ಬರ್ತಾಳಾ? ಬರಲ್ಲ."

ಮರುಪರೀಕ್ಷೆಯ ದಿನ ಪಟ್ಟಿಯ ಮೇಲೆ ಅವರೇ ಬರೆದರು: ಮಾಂಬೆತ್. ಬರೆದು, ಕೋಣೆಯ ಉದ್ದಗಲ ಅಳೆಯುವಂತೆ ಅಲೆದಾಡಿದರು; ಬ್ಯಾಟರಿ ಹಾಕದ ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ಬೆಗಾಯಿಮ್ ಬಂದಳು. ಕೈ ತೊಳೆದಳು. ಪಟ್ಟಿ ಓದಿದಳು. ತುಟಿ ತೆರೆದು ಮುಚ್ಚಿದಳು. ಹೊರಗೆ ಯಾರದೋ ತಳ್ಳುಗಾಡಿ ಕಿರುಗುಟ್ಟುತ್ತ ಹಾದುಹೋಯಿತು. ಆಮೇಲೆ ಅವಳು ಗುಳಿಗೆಯ ತಟ್ಟೆಯನ್ನು ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಸೊಸೆಯರು ಹಿರಿಯರಿಗೆ ಬಾಗುವಂತೆ ಮಂಡಿಗಳ ಮೇಲೆ ಕೈಯಿಟ್ಟು ಆ ರಬ್ಬರ್ ಮುದುಕನಿಗೆ ಆಳವಾಗಿ ಬಾಗಿದಳು. ನೆಟ್ಟಗೆ ನಿಂತು, ಸ್ಪಷ್ಟವಾದ ಧ್ವನಿಯಲ್ಲಿ, "ಮಾಂಬೆತ್ ಅಜ್ಜ, ಇದು ನಿಮ್ಮ ಗುಳಿಗೆ" ಎಂದು ತಟ್ಟೆಗೆ ಕೈಚಾಚಿದಳು.

"ನಿಲ್ಲು" ಎಂದರು ಏಜೆ.

ಹುಡುಗಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಮಂಡಿ ಮುಟ್ಟಿದೆಯಲ್ಲ? ಮುಟ್ಟಿದೆ. ಕೈ ಮತ್ತೆ ತೊಳ್ಕೊಂಡು ಬಾ."

ಅವಳು ತೊಳೆದುಕೊಂಡು ಬಂದು ಕೊಟ್ಟಳು, ತೇರ್ಗಡೆಯಾದಳು. ಬಾಗುವುದಕ್ಕೆ ಅಂಕವೂ ಇರಲಿಲ್ಲ, ದಂಡವೂ ಇರಲಿಲ್ಲ. ಏಜೆ ಆಗಲೇ ಮಕ್ಕಳ ವಾರ್ಡಿನ ಕಡೆಗೆ ಹೊರಟಿದ್ದರು.

ಇಂಥವರನ್ನು ನಿಷ್ಠುರರೆಂದು ಕರೆದು ನಾವು ಹಗುರಾಗುತ್ತೇವೆ. ಶಿಷ್ಯರ ಮೇಲಿನ ಮಮತೆಯನ್ನು ಅವರು, ಆ ಶಿಷ್ಯರು ಇನ್ನೂ ಕಣ್ಣಿಂದ ನೋಡಿರದ ಯಾವನೋ ರೋಗಿಗೆ ಮುಂಗಡವಾಗಿ ಕೊಟ್ಟುಬಿಟ್ಟಿರುತ್ತಾರೆ. ಎದುರಿಗಿರುವವರ ಪಾಲಿಗೆ ಉಳಿಯುವುದು ಗದರಿಕೆ. ಆ ರೋಗಿ ಎಂದು ಬರುತ್ತಾನೋ, ಯಾವ ವಾರ್ಡಿಗೆ ಬರುತ್ತಾನೋ, ಯಾರ ಕೈಗೆ ಸಿಗುತ್ತಾನೋ ಅವರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಅವರು ಎಲ್ಲಿಯೂ ಕೂರುವುದಿಲ್ಲ.