ಕೈ ಬಿಟ್ಟಾಗಿನ ವೇಗ

2019ರ ಮಾರ್ಚ್ 9, ಶನಿವಾರ, ಬೆಳಿಗ್ಗೆ 7 ಗಂಟೆ 40 ನಿಮಿಷ. ತಂಗಿ ಎಸೆದ ಬೇಸ್‌ಬಾಲ್ ಮಾಮನ ಗ್ಲೌಸಿಗೆ ಛಟೀರೆಂದು ಬಡಿಯಿತು. ಮಾಮನ ಹಿಂದೆ, ಬಲೆಯ ಆಚೆ ರಡಾರ್ ಗನ್ ಹಿಡಿದು ನಿಂತಿದ್ದ ಅಕ್ಕನ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು.

ಗನ್ನಿನ ಪರದೆಯ ಮೇಲೆ ಎರಡು ಅಂಕಿಗಳಿದ್ದವು. ಮೇಲಿನದು ಚೆಂಡು ಕೈ ಬಿಟ್ಟಾಗಿನ ವೇಗ, ಕೆಳಗಿನದು ಗ್ಲೌಸ್ ಮುಟ್ಟುವಾಗಿನದು. ನಡುವಿನ ಹದಿನೇಳು ಮೀಟರಿನಲ್ಲಿ ಗಾಳಿ ನೂರಕ್ಕೆ ಎಂಟು ಪಾಲನ್ನು ನುಂಗಿಬಿಡುತ್ತದೆ. ಕ್ಲಬ್ಬಿನ ಕಪ್ಪು ಹಲಗೆಯ ಮೇಲೆ ಮಾತ್ರ ಬರೀ 'ವೇಗ' ಎಂದಿತ್ತು. ಅದರ ಮುಂದೆ ಹನ್ನೊಂದು ವರ್ಷದಿಂದ ಅಕ್ಕನ ದಾಖಲೆ, ಗಂಟೆಗೆ 118 ಕಿ.ಮೀ. ಭುಜ ಕೈಕೊಟ್ಟ ಮೇಲೆ ಅವಳಿಗೆ ಉಳಿದದ್ದು ಅದೊಂದೇ. ಮಾಸಿದಾಗಲೆಲ್ಲ ಸೀಮೆಸುಣ್ಣ ಹಿಡಿದು ಅವಳೇ ತಿದ್ದುತ್ತಿದ್ದಳು.

"ಎಷ್ಟು ಬಂತಕ್ಕಾ?"

"ನೂರ ಹದಿಮೂರು ಚಿಲ್ಲರೆ." ಅವಳು ಓದಿದ್ದು ಕೆಳಗಿನ ಅಂಕಿ. ಸುಳ್ಳೇನೂ ಅಲ್ಲ.

"ಅಷ್ಟೇನಾ? ಹೋಗ್ಲಿ ಬಿಡು. ನಿನ್ನ ಸಮಕ್ಕೆ ನಿಲ್ಲೋಕೆ ನಾನು ಇನ್ನೊಂದ್ಸಲ ಹುಟ್ಟಿ ಬರ್ಬೇಕು."

ಈ ಮಾತು ಕೇಳಲೆಂದೇ ಅಕ್ಕ ಕಾದಿದ್ದಳು. ಕೇಳಿದ ಮೇಲೆ ಹಿತವೆನಿಸಲಿಲ್ಲ.

ಮಾಮ ಗ್ಲೌಸ್ ಕಳಚಿ ಅಂಗೈ ಊದಿಕೊಂಡ. "ನಿನ್ನ ನೂರ ಹದಿನೆಂಟನ್ನ ಹಿಡಿದಿದ್ದೂ ಇದೇ ಅಂಗೈ ಕಣೆ. ಅವತ್ತು ಇಷ್ಟು ಉರೀಲಿಲ್ಲ."

"ವಯಸ್ಸಾಯ್ತಲ್ಲ ಮಾಮ, ಚರ್ಮ ತೆಳ್ಳಗಾಗಿರುತ್ತೆ."

"ನಿನ್ನ ನಾಲಿಗೆ ಮಾತ್ರ ದಪ್ಪಗೇ ಇದೆ! ಅವತ್ತಿನ ಹಳೇ ಗನ್ ತೋರಿಸ್ತಿದ್ದದ್ದು ಕೈ ಬಿಟ್ಟಾಗಿನ ವೇಗ ಒಂದನ್ನೇ. ಇದರಲ್ಲಿ ಎರಡು ಬರುತ್ತಂತಲ್ಲ, ನೀನು ಓದಿದ್ದು ಯಾವುದು?"

ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಂದು ತನ್ನ ಚೆಂಡೂ ಇದೇ ಗಾಳಿಯನ್ನು ಸೀಳಿ ಹೋಗಿತ್ತು. ಗ್ಲೌಸಿನ ಹತ್ತಿರ ಅಳೆದಿದ್ದರೆ ಅದು ನೂರ ಎಂಟಷ್ಟೇ. ಅತ್ತ ತಂಗಿ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತ ನಿಂತಿದ್ದಳು. ಆ ಮುಖದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಕೆಳಗಿಂದು," ಎಂದಳು ಅಕ್ಕ.

"ಹಾಗಾದ್ರೆ ಮೇಲಿಂದು?" ತಂಗಿ ಓಡಿ ಬಂದಳು.

ಬಾಯಿಬಿಟ್ಟು ಹೇಳಲು ಅಕ್ಕನಿಗೆ ಇನ್ನೂ ಆಗಲಿಲ್ಲ, ಕಿಚ್ಚು ಆರಿರಲಿಲ್ಲ. ನೆಟ್ಟಗೆ ಹಲಗೆಯ ಬಳಿ ಹೋಗಿ, ತನ್ನ ಅಂಕಿಯನ್ನು ತೋಳಿನಿಂದ ಒರೆಸಿದಳು. ಹನ್ನೊಂದು ವರ್ಷದ ಸುಣ್ಣ, ಒಂದೇ ಸಲಕ್ಕೆ ಹೋಗಲಿಲ್ಲ. 'ವೇಗ'ದ ಹಿಂದೆ 'ಕೈ ಬಿಟ್ಟಾಗಿನ' ಎಂದು ಸೇರಿಸಿ, ಮುಂದೆ ತಂಗಿಯ ಅಂಕಿ ಬರೆದಳು: ಗಂಟೆಗೆ 123.8 ಕಿ.ಮೀ.