ತಾಜುನ್ನಿಸಾಳ ಮುಂಬಾಗಿಲು

ತಾಜುನ್ನಿಸಾಳ ವಕೀಲ ಎಲ್ಲಿಂದ ಎಲ್ಲಿಗೋ ಹೋದ, ಆಕಿ ಕೇಸು ಮಾತ್ರ ಕುಂತಲ್ಲೇ ಕುಂತಿತ್ತು ನೋಡ್ರಿ!

ಶಹಾಬಾದದಾಗ ಆಕಿ ಮುಂಬಾಗಿಲಿಗೆ ಅಡ್ಡ ಬಾಜೂಮನಿ ಖಂಡಪ್ಪ ಫರಸಿ ಕಲ್ಲು ನಿಲ್ಲಿಸಿ ಗ್ವಾಡಿ ಕಟ್ಟಿದ್ದ. ಚಿತ್ತಾಪುರ ಕೋರ್ಟಿನಾಗ ಆಗಷ್ಟೇ ಕರಿಕೋಟು ಹಾಕ್ಕೊಂಡಿದ್ದ ಅಂಬರೇಶ ಆಕಿ ವಕೀಲನಾಗಿ, ಗ್ವಾಡಿ ಇನ್ನಷ್ಟು ಬೆಳೀಬಾರದಂತ ಸ್ಟೇ ತಂದುಕೊಟ್ಟು, "ತೀರ್ಪು ಬರೋತನ ಗ್ವಾಡಿಗಿ ಯಾರೂ ಕೈ ಹಚ್ಚಂಗಿಲ್ರಿ" ಅಂದ. ಆಮ್ಯಾಲ ಅಂವ ಸರ್ಕಾರಿ ವಕೀಲನಾದ, ಕಲಬುರಗಿ ಪೀಠಕ್ಕ ಹೋದ, ಹೈಕೋರ್ಟ್ ಜಡ್ಜ್ ಆದ, ಈಗ ಬ್ಯಾರೆ ರಾಜ್ಯದಾಗ ಮುಖ್ಯ ನ್ಯಾಯಮೂರ್ತಿ. ಈ ಕಡಿ ಇಪ್ಪತ್ತೆಂಟು ವರ್ಷ ಬರೇ ತಾರೀಖು, ತಾರೀಖು! ತಾಜುನ್ನಿಸಾ, ಖಂಡಪ್ಪ ಒಂದೇ ಬಸ್ಸಿಗೆ ಹೋಗೋರು, ಒಂದೇ ಹೋಟೆಲಿನಾಗ ಚಾ ಕುಡಿಯೋರು. ಸಿಟ್ಟು ಯಾವಾಗ ಇಳೀತೋ ಇಬ್ಬರಿಗೂ ನೆನಪಿಲ್ಲ. ಆದ್ರ ಗ್ವಾಡಿಗಿ ಸ್ಟೇ ಐತಲ್ಲ, ಮುಟ್ಟೋರು ಯಾರು?

ಆಕಿ ಗಂಡ ಜಹಾಂಗೀರ ತೀರಿಕೊಂಡಾಗ ಜನಾಜಾನ ಹಿತ್ತಲ ಸಂದಿಯಿಂದ, ಗಟಾರ ದಾಟಿ, ವಾರೆ ಮಾಡಿ ಒಯ್ದರು. ಹೆಗಲು ಕೊಟ್ಟವರೊಳಗ ಖಂಡಪ್ಪನೂ ಇದ್ದ. ಅವತ್ತಿನಿಂದ ಆಕಿಗೆ ಒಂದೇ ಚಿಂತಿ, ನಾಳೆ ತನ್ನನ್ನೂ ಹಂಗೇ ಒಯ್ತಾರಂತ.

ಮೊನ್ನೆ ಚಿತ್ತಾಪುರದ ವಕೀಲರು ಅಂಬರೇಶಗ ಸನ್ಮಾನ ಇಟ್ಟಾಗ ಇಬ್ಬರೂ ಹೋದ್ರು. ಸಾಹೇಬ್ರು ಆಕಿ ಗುರುತು ಹಿಡಿದು ಎದ್ದು ನಿಂತ್ರು.

"ಅಮ್ಮಾ, ಕುಂದ್ರಿ. ಜಡ್ಜ್ ಆದಮ್ಯಾಲ ನಿಮ್ಮ ಕೇಸಿನ ಮಾತು ನಾ ಆಡಂಗಿಲ್ಲ. ಇವ್ರು ಯಾರ್ರಿ?"

"ಅಯ್ಯ ಸಾಹೇಬ್ರ! ನಾ ಕೇಸು ಹಾಕಿದ್ದು ಇವನ ಮ್ಯಾಲೇ ಅಲ್ಲೇನ್ರಿ!"

ಸಾಹೇಬ್ರು ಇಬ್ಬರನ್ನೂ ನೋಡಿದ್ರು. "ಎರಡೂ ಕಡ್ಯಾವ್ರು ಒಪ್ಪಿದ್ರ ಯಾವ ಕೇಸಿನಾಗೂ ರಾಜಿ ಆಗಬಹುದು. ಸ್ಟೇ ಅಡ್ಡ ಬರಂಗಿಲ್ಲ. ಇದು ಎಲ್ಲರಿಗೂ ಹೇಳೋ ಮಾತು." ಆಮ್ಯಾಲ ಅವರ ದನಿ ಸಣ್ಣದಾತು. "ಅವತ್ತೇ ಹೇಳಬೇಕಿತ್ತಮ್ಮಾ. ಹೊಸ ವಕೀಲ, ನನಗ ಗೆಲ್ಲೋದೊಂದೇ ಬೇಕಿತ್ತು."

ವಾಪಸ್ ಬರುವಾಗ ಬಸ್ಸಿನಾಗ ಖಂಡಪ್ಪ ಆಕಿ ಟಿಕೀಟೂ ತಾನೇ ತಗೊಂಡ.

ಮುಂದಿನ ಲೋಕ್ ಅದಾಲತ್‌ನಾಗ ಇಬ್ಬರೂ ರಾಜಿಪತ್ರಕ್ಕ ಸಹಿ ಹಾಕಿದ್ರು. ಮರುದಿನ ಮುಂಜಾನೆ ಖಂಡಪ್ಪ ಕಬ್ಬಿಣದ ಹಾರೆ ಹಿಡ್ಕೊಂಡು ತಾನೇ ಫರಸಿ ಕೀಳಲಿಕತ್ತಿದ್ದ. ಬಿಸಲು ಏರೋದ್ರೊಳಗ ಓಣಿ ಕಾಣಿಸ್ತು. ತಾಜುನ್ನಿಸಾ ಮುಂಬಾಗಿಲ ಚಿಲಕ ತೆಗೆದು ಹೊರಗ ಬಂದು ನಿಂತಳು.

ಖಂಡಪ್ಪ ಹಾರೆ ಕೆಳಗಿಟ್ಟ. "ಜಹಾಂಗೀರನ್ನ ಇಲ್ಲಿಂದ ಒಯ್ಬೇಕಿತ್ತು ತಾಯಿ. ಅರ್ಧಾ ದಿನದ ಕೆಲಸ ಇತ್ತು" ಅಂತ ಗಳಗಳ ಅತ್ತ.

ಆಕಿಗೂ ದುಃಖ ಉಕ್ಕಿ ಬಂತು. ಸೆರಗಿಲೆ ಕಣ್ಣು ಒರೆಸಿಕೊಂಡು, "ನನಗ ಹೆಗಲು ಕೊಡುವಾಗ ಈ ಬಾಗಿಲು ಮರೀಬ್ಯಾಡ" ಅಂದಳು. "ಈಗ ಚಾ ಇಡ್ತೀನಿ, ಒಳಗ ಬಾ. ಹಿತ್ತಲಕಡಿಂದ ಅಲ್ಲ ಮಾರಾಯಾ, ಇಲ್ಲಿಂದ ಬಾ!"